ಟಿಪ್ಪಣಿ: ಕೃತಕ ನ್ಯಾನೋ ವಾಹಿನಿಗಳು (ವಿಜ್ಞಾನ ಮತ್ತು ತಂತ್ರಜ್ಞಾನ)

ಅರ್ಥ: ಜೀವಕೋಶದ ಪೊರೆಯಲ್ಲಿ ಅಯಾನುಗಳನ್ನು ಆರಿಸಿ ಬಿಡುವ ಪ್ರೋಟೀನ್ ದ್ವಾರಗಳೇ ಅಯಾನು ವಾಹಿನಿಗಳು. ಇವುಗಳ ಮಾದರಿಯಲ್ಲಿ ಮನುಷ್ಯ ರೂಪಿಸುವ ಅತಿಸೂಕ್ಷ್ಮ ಹಾದಿಯೇ ಕೃತಕ ನ್ಯಾನೋ ವಾಹಿನಿ.

ಪ್ರಕೃತಿಯ ಮಾದರಿ: ಪೊಟ್ಯಾಸಿಯಂ ವಾಹಿನಿಯ ಅತಿ ಕಿರಿದಾದ ಭಾಗದ ಅಗಲ ಸುಮಾರು 0.3 ನ್ಯಾನೋಮೀಟರ್. ಪೊಟ್ಯಾಸಿಯಂ ಅಯಾನು ತನ್ನ ಸುತ್ತಲಿನ ನೀರಿನ ಅಣುಗಳನ್ನು ಕಳಚಿ ಒಳಹೊಕ್ಕಾಗ, ವಾಹಿನಿಯ ಆಕ್ಸಿಜನ್ ಪರಮಾಣುಗಳು ಆ ನೀರಿನ ಸ್ಥಾನ ತುಂಬುತ್ತವೆ. ಸೋಡಿಯಂ ಇನ್ನೂ ಚಿಕ್ಕದು; ಆದರೆ ಈ ಅಳತೆಗೆ ಅದು ಹೊಂದುವುದಿಲ್ಲ, ಹೊರಗೇ ಉಳಿಯುತ್ತದೆ.

ತಯಾರಿಕೆ: ಪ್ಲಾಸ್ಟಿಕ್ ಹಾಳೆಗೆ ಭಾರ ಅಯಾನುಗಳನ್ನು ಹಾಯಿಸಿ, ರಾಸಾಯನಿಕದಿಂದ ಕೊರೆದು ರಂಧ್ರ ಮಾಡುತ್ತಾರೆ. ಯಾವ ಅಯಾನು ದಾಟಬೇಕೆಂಬುದನ್ನು ಗೋಡೆಯ ವಿದ್ಯುದಾವೇಶವೂ ನಿರ್ಧರಿಸುತ್ತದೆ.

ಮುಂಬೈ ನಂಟು:
• ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಅಲ್ಟ್ರಾಫಿಲ್ಟ್ರೇಷನ್ ಪೊರೆ ವಿದ್ಯುತ್ತಿಲ್ಲದೆ, ನಲ್ಲಿ ನೀರಿನ ಒತ್ತಡದಲ್ಲೇ ಬ್ಯಾಕ್ಟೀರಿಯಾ ತಡೆಯುತ್ತದೆ. ಕರಗಿದ ಉಪ್ಪನ್ನು ತಡೆಯದು.
• ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಸ್ಥಾಪನೆ 1945) ಸೇರಿದ ಬೆಂಗಳೂರಿನ ಎನ್‌ಸಿಬಿಎಸ್ ಜೀವವಿಜ್ಞಾನ ಸಂಶೋಧನಾ ಕೇಂದ್ರ.

ನೆನಪಿಡಿ:
• 1991 ವೈದ್ಯಕೀಯ ನೊಬೆಲ್: ಎರ್ವಿನ್ ನೆಹರ್, ಬರ್ಟ್ ಸಾಕ್‌ಮನ್ (ಒಂಟಿ ಅಯಾನು ವಾಹಿನಿಗಳ ಕಾರ್ಯ).
• 2003 ರಸಾಯನಶಾಸ್ತ್ರ ನೊಬೆಲ್: ರೋಡೆರಿಕ್ ಮ್ಯಾಕಿನನ್ (ಅಯಾನು ವಾಹಿನಿ), ಪೀಟರ್ ಆಗ್ರೆ (ನೀರಿನ ವಾಹಿನಿ).
• 2016: ಗ್ರಾಫೀನ್ ಪದರಗಳಿಂದ ಅಂತರ ಕಲ್ಪಿಸಿ ಪರಮಾಣು ಅಳತೆಯ ವಾಹಿನಿ ರೂಪಿಸಿದ ಮ್ಯಾಂಚೆಸ್ಟರ್ ತಂಡದ ರಾಧಾ ಬೋಯ, ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪಿಎಚ್‌ಡಿ ಪಡೆದವರು.

ಉಪಯೋಗ: ಸಮುದ್ರದ ನೀರಿನ ಶುದ್ಧೀಕರಣ, ಡಿಎನ್‌ಎ ಓದು, ಲಿಥಿಯಂ ಬೇರ್ಪಡಿಕೆ.

ಅಭ್ಯರ್ಥಿಗಳೇ, ಗಾತ್ರವೊಂದೇ ಅಲ್ಲ, ಆಯ್ಕೆಯ ಗುಣವೇ ವಾಹಿನಿಯ ತಿರುಳು ಎಂಬುದನ್ನು ಉತ್ತರದಲ್ಲಿ ತಪ್ಪದೆ ಬರೆಯಿರಿ.