ಹತ್ತು ಮೀಟರಿನ ಬೆಲೆ

ಸಂಜೆಯ ಹೊತ್ತು ಗಣಪತಿ ದೇವಸ್ಥಾನದವರೆಗೆ ಕಾಲಾಡಿಸಿಕೊಂಡು ಬರುವುದನ್ನೇ ವ್ಯಾಯಾಮವೆಂದು ಬಗೆದು, ನಿವೃತ್ತಿವೇತನದ ಮಿತಿಯೊಳಗೆ ನಿರುಪದ್ರವಿಯಾಗಿ ಬಾಳುತ್ತಿದ್ದ ಮಲೆನಾಡಿನ ಜಿಲ್ಲಾ ಕೇಂದ್ರವೊಂದರ ರವೀಂದ್ರನಗರದ ಗೃಹಸ್ಥನಾದ ನಾನು ಶೂಟಿಂಗ್ ಕ್ಲಬ್ಬುಗಳ ದರಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಅವುಗಳ ತಾರತಮ್ಯವನ್ನು ವಿಚಾರಿಸುವ ಸ್ಥಿತಿಗೆ ಬಂದುದಕ್ಕೆ ಕಾರಣಳು ನನ್ನ ಮಗಳು. ಕಾಲೇಜಿನ ಎನ್.ಸಿ.ಸಿ. ಶಿಬಿರದಲ್ಲಿ ಅವಳು ನೆಲಕ್ಕೆ ಮಲಗಿ .22 ರೈಫಲಿನಿಂದ ಹಾರಿಸಿದ ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದುವೆಂದು ಹವಲ್ದಾರರು ಮೆಚ್ಚಿದುದೇ ಮೂಲವಾಗಿ ಈ ವಿದ್ಯೆಯಲ್ಲಿ ಅವಳಿಗೆ ಆಸಕ್ತಿ ಹುಟ್ಟಿತು. 2024ರ ಜುಲೈ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚಿನ ಪದಕವನ್ನು ಗೆದ್ದ ಮೇಲಂತೂ ಅದನ್ನು ತಡೆಯತಕ್ಕ ವಾದ ಯಾವುದೂ ನನ್ನಲ್ಲಿ ಉಳಿಯಲಿಲ್ಲ. ಅವಳ ಅಭ್ಯಾಸ ಮುಗಿಯುವವರೆಗೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿರುವುದಕ್ಕಿಂತ ನಾನೂ ಒಂದು ಕೈ ನೋಡುವುದು ಲೇಸೆಂದು ಜೊತೆಗೆ ಸೇರಿಕೊಂಡೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಸ್ವೀಡನ್ನಿನ ಆಸ್ಕರ್ ಸ್ವಾನ್ ಎಂಬಾತನು ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಈ ಕ್ರೀಡೆಯಲ್ಲಿ ಬೆಳ್ಳಿಯ ಪದಕದಲ್ಲಿ ಪಾಲು ಪಡೆದವನು. ಆ ಲೆಕ್ಕದಲ್ಲಿ ನನಗೆ ಇನ್ನೂ ಸಾಕಷ್ಟು ಕಾಲಾವಕಾಶವಿತ್ತು.

ತೀರ್ಥಹಳ್ಳಿಯ ಕಡೆಯ ನಮ್ಮ ಚಿಕ್ಕಪ್ಪನವರಿಗೆ ಈ ಸಂಗತಿ ತಿಳಿದಾಗ ಅವರು ಕವಳವನ್ನು ಒಂದು ದವಡೆಗೆ ಸರಿಸಿ, "ಅಲ್ಲ ಮಾರಾಯ, ಹಂದಿ ಹೊಡೆಯೋದಕ್ಕಲ್ಲ, ಮಂಗ ಓಡಿಸೋದಕ್ಕಲ್ಲ, ಕಾಗದಕ್ಕೆ ಹೊಡೆಯೋದಕ್ಕೆ ತಿಂಗಳಾ ತಿಂಗಳಾ ದುಡ್ಡು ಕಟ್ತೀಯಾ?" ಎಂದು ಕೇಳಿದರು. ಅವರ ಪ್ರಶ್ನೆ ಅಸಂಗತವಾದುದಲ್ಲ. ಮಲೆನಾಡಿನಲ್ಲಿ ಕೋವಿಯೆಂಬುದು ತೋಟಕ್ಕೂ ಗದ್ದೆಗೂ ಕಾವಲಿನ ಸಾಧನ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಶಿಕಾರಿಯ ವೈಭವವೆಲ್ಲ ಅಳಿದು, ಈಗ ಅದು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮುಗಿದ ಮೇಲೆ ಮರಳಿ ತರಬೇಕಾದ ಒಂದು ಹೊರೆಯೂ ಆಗಿದೆ. ಕೊಡಗಿನಲ್ಲಿಯಾದರೋ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿಯೇ ಉಂಟು. ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿದೆ, ರಾಜ್ಯದ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಆ ಜನರಿಗೆ ಕ್ಲಬ್ಬಿನ ರಶೀದಿ ಪುಸ್ತಕದ ಹಂಗಿಲ್ಲ. ಆದರೆ ಪೇಟೆಯ ಮನೆಯಲ್ಲಿ ವಾಸಿಸುವವನಿಗೆ ಕಾಯಿ ಕಟ್ಟುವ ಮರವೂ ಇಲ್ಲ, ಅದರ ಹಿಂದೆ ಗುಂಡನ್ನು ನುಂಗಿಕೊಳ್ಳುವ ಗುಡ್ಡವೂ ಇಲ್ಲ.

ಇಲ್ಲಿ ಕಾನೂನಿನ ಮಾತನ್ನು ಎರಡು ವಾಕ್ಯಗಳಲ್ಲಿ ಮುಗಿಸಬಹುದು. ಮದ್ದಿನಿಂದ ಸಿಡಿಯುವ ಬಂದೂಕಿಗೆ 1959ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿ ಬೇಕು, ಅದಕ್ಕೆ ಇಪ್ಪತ್ತೊಂದು ವರ್ಷ ತುಂಬಿರಬೇಕು, 2016ರ ನಿಯಮಾವಳಿಯ ತರುವಾಯ ಸುರಕ್ಷಾ ತರಬೇತಿಯ ಪ್ರಮಾಣಪತ್ರವೂ ಬೇಕು. ಗಾಳಿಯ ಒತ್ತಡದಿಂದ ನಡೆಯುವ, 4.5 ಮಿಲಿಮೀಟರ್ ವ್ಯಾಸದ ಸೀಸದ ಪೆಲ್ಲೆಟ್ ಹಾರಿಸುವ ಸ್ಪರ್ಧೆಯ ಪಿಸ್ತೂಲಿಗೂ ರೈಫಲಿಗೂ, ಅವುಗಳ ಶಕ್ತಿ ಇಪ್ಪತ್ತು ಜೌಲ್‌ಗಳೊಳಗೆ ಇರುವವರೆಗೆ, ಪರವಾನಗಿ ಬೇಡ. ಹೀಗಾಗಿ ಜಿಲ್ಲಾ ಕೇಂದ್ರಗಳಲ್ಲಿ ಕ್ಲಬ್ಬೆಂದರೆ ಬಹುಮಟ್ಟಿಗೆ ಹತ್ತು ಮೀಟರಿನ ಒಂದು ಹಜಾರ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಯ ಶಿಬಿರವೊಂದು ಉಂಟಲ್ಲ, ಅದಕ್ಕೆ ಸೇರಿದರೆ ಸಾಲದೇ ಎಂದು ಕೇಳಿದವರಿದ್ದಾರೆ. ಆಯುಧವನ್ನು ಭಯವಿಲ್ಲದೆಯೂ ಉಡಾಫೆಯಿಲ್ಲದೆಯೂ ಹಿಡಿಯಲು ಕಲಿಸುವುದರಲ್ಲಿ ಆ ಶಿಬಿರಕ್ಕೆ ಸಮನಾದುದು ಅಷ್ಟು ಅಲ್ಪವೆಚ್ಚದಲ್ಲಿ ಬೇರೊಂದಿಲ್ಲ. ಆದರೆ ಶಿಬಿರ ಮುಗಿಯುತ್ತದೆ, ಕ್ರೀಡೆಯಾದರೋ ಮರುದಿನದಿಂದ ಮೊದಲಾಗುತ್ತದೆ.

ನಾವು ವಿಚಾರಿಸಿದ ಕ್ಲಬ್ಬುಗಳಲ್ಲಿ ಒಂದು ಊರೊಳಗೆ, ವಾಣಿಜ್ಯ ಕಟ್ಟಡದ ಮೇಲಂತಸ್ತಿನಲ್ಲಿ ಇತ್ತು, ಇನ್ನೊಂದು ಊರ ಹೊರಗೆ, ತಗಡಿನ ಮಾಡಿನ ವಿಶಾಲವಾದ ಕೊಟ್ಟಿಗೆಯಲ್ಲಿ, ಮತ್ತೊಂದು ಬೆಂಗಳೂರಿನಲ್ಲಿ. ಇವುಗಳ ಹೆಸರು ಪ್ರಕೃತಕ್ಕೆ ಅನಗತ್ಯ. ದರಪಟ್ಟಿಗಳಲ್ಲಿ ಪ್ರವೇಶಧನ, ಮಾಸಿಕ ಶುಲ್ಕ, ವಾರ್ಷಿಕ ಶುಲ್ಕ, ಆಜೀವ ಸದಸ್ಯತ್ವ ಎಂಬ ಅಂಕಣಗಳು ಅಚ್ಚುಕಟ್ಟಾಗಿ ಮುದ್ರಿತವಾಗಿದ್ದುವು. ಪೆಲ್ಲೆಟ್ಟಿಗೆಷ್ಟು, ಗುರಿಯ ಕಾಗದಕ್ಕೆಷ್ಟು, ಕ್ಲಬ್ಬಿನ ಪಿಸ್ತೂಲನ್ನು ಬಳಸಿದರೆ ಬಾಡಿಗೆಯೆಷ್ಟು, ತರಬೇತುದಾರರ ಸಂಭಾವನೆ ಶುಲ್ಕದೊಳಗೆ ಸೇರಿದೆಯೋ ಇಲ್ಲವೋ ಎಂಬುವು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ದೊರೆಯುವ ವಿವರಗಳು. ನಾನು ಬಹುಕಾಲ ಲೆಕ್ಕಪತ್ರಗಳ ನಡುವೆ ಬಾಳಿದವನಾದುದರಿಂದ ಅಂಕಣಗಳನ್ನು ಬದಿಗಿಟ್ಟು, ಒಂದು ಗುಂಡಿಗೆ ಬೀಳುವ ವೆಚ್ಚವನ್ನು ಕಂಡುಹಿಡಿಯಲು ಕುಳಿತೆ.

ಮಾಸಿಕ ಮೂರು ಸಾವಿರ ರೂಪಾಯಿಯ ಕ್ಲಬ್ಬೊಂದು, ಒಂದೂವರೆ ಸಾವಿರದ ಕ್ಲಬ್ಬೊಂದು ಎಂದಿಟ್ಟುಕೊಳ್ಳೋಣ. ಎರಡರಲ್ಲಿ ಯಾವುದಕ್ಕಾದರೂ ವಾರಕ್ಕೆ ಮೂರು ದಿನ ಹೋಗುವವನಿಗೆ ತಿಂಗಳಿಗೆ ಹನ್ನೆರಡು ಸರದಿಗಳು ಸಿಗುತ್ತವೆ. ಮೊದಲನೆಯದರಲ್ಲಿ ನಿಂತು ಗುರಿಯಿಡುವ ಸಾಲುಗಳು ಸಾಕಷ್ಟಿದ್ದು, ಸ್ಪರ್ಧೆಯ ಕ್ರಮದಂತೆ ಅರುವತ್ತು ಗುಂಡುಗಳನ್ನು ಪೂರೈಸಲು ಅವಕಾಶವಿದೆ. ಎರಡನೆಯದರಲ್ಲಿ ಸಾಲುಗಳು ಕಡಮೆ, ಹಿಂದೆ ಕಾಯುವವರು ಹೆಚ್ಚು, ಮೂವತ್ತು ಹೊಡೆಯುವಷ್ಟರಲ್ಲಿ ಬೆನ್ನ ಹಿಂದೆ ಕೆಮ್ಮು ಕೇಳಿಸುತ್ತದೆ. ಆಗ ಮೊದಲನೆಯದರಲ್ಲಿ 720 ಗುಂಡುಗಳು, ಎರಡನೆಯದರಲ್ಲಿ 360. ಎರಡು ಕಡೆಗಳಲ್ಲಿಯೂ ಒಂದು ಗುಂಡಿಗೆ ಬೀಳುವುದು ಅದೇ ನಾಲ್ಕು ರೂಪಾಯಿ ಹದಿನೇಳು ಪೈಸೆ. ಅಗ್ಗದ ಕ್ಲಬ್ಬು ಅಗ್ಗವಲ್ಲ; ಅದು ಅರ್ಧವನ್ನು ಮಾರಿ ಅರ್ಧ ಬೆಲೆಯನ್ನು ತೆಗೆದುಕೊಳ್ಳುತ್ತದೆ. ಇದರ ಮೇಲೆ ಪೆಲ್ಲೆಟ್ಟಿನ ಬೆಲೆ ಬೇರೆ. ಅರುವತ್ತು ಗುಂಡುಗಳಿಗೆ ಸ್ಪರ್ಧೆಯಲ್ಲಿ ಎಪ್ಪತ್ತೈದು ನಿಮಿಷಗಳ ಗಡುವಿರುವಾಗ, ಗಂಟೆಯ ಲೆಕ್ಕದಲ್ಲಿ ಸಾಲನ್ನು ಹಂಚುವ ಕ್ಲಬ್ಬಿನಲ್ಲಿ ಸಿದ್ಧತೆಗೂ ವಿಶ್ರಾಂತಿಗೂ ಎಡೆಯಿಲ್ಲವೆಂಬುದು ಗಡಿಯಾರ ನೋಡಿದ ಮಾತ್ರಕ್ಕೆ ಹೊಳೆಯುವ ಸಂಗತಿ. ಆದುದರಿಂದ ನಾನು ಶುಲ್ಕಕ್ಕಿಂತ ಮೊದಲು ಕೇಳಿದ ಪ್ರಶ್ನೆ ಇದು: ಸಾಲುಗಳೆಷ್ಟು, ಸಂಜೆ ಆರು ಗಂಟೆಗೆ ಬರುವ ಸದಸ್ಯರೆಷ್ಟು? ಬೆಳಗ್ಗೆ ಹನ್ನೊಂದಕ್ಕೆ ಹಜಾರವನ್ನು ತೋರಿಸುವ ವ್ಯವಸ್ಥಾಪಕನ ಕ್ಲಬ್ಬನ್ನು ಸಂಜೆಯೂ ಒಮ್ಮೆ ನೋಡಿಬರತಕ್ಕದ್ದು.

ಸೌಕರ್ಯಗಳಲ್ಲಿ ಎಲ್ಲರ ಕಣ್ಣನ್ನೂ ಸೆಳೆಯುವುದು ಎಲೆಕ್ಟ್ರಾನಿಕ್ ಗುರಿ. ಸ್ವಿಟ್ಜರ್ಲೆಂಡಿನ ಸಿಯಸ್ ಮೊದಲಾದ ಸಂಸ್ಥೆಗಳ ಯಂತ್ರಗಳು ಪೆಲ್ಲೆಟ್ ಬಿದ್ದ ಕ್ಷಣದಲ್ಲಿಯೇ ಪಕ್ಕದ ಪರದೆಯ ಮೇಲೆ ಅದರ ಸ್ಥಾನವನ್ನೂ ದಶಾಂಶದ ಅಂಕವನ್ನೂ ತೋರಿಸುತ್ತವೆ. ಅತ್ಯುತ್ತಮವಾದ ಗುಂಡಿಗೆ 10.9. ಮೇಲಂತಸ್ತಿನ ಕ್ಲಬ್ಬಿನ ಹೆಮ್ಮೆಯೇ ಇದು. ಊರ ಹೊರಗಿನದರಲ್ಲಿ ಕಾಗದವನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡಿಯೊತ್ತಿದರೆ ಅದು ತಂತಿಯ ಮೇಲೆ ತೆವಳಿ ಹೋಗಿ, ಹೊಡೆದ ಮೇಲೆ ಮರಳಿ ಬರುತ್ತಿತ್ತು. ಪಿಸ್ತೂಲಿನ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ ಹನ್ನೊಂದೂವರೆ ಮಿಲಿಮೀಟರ್; ರೈಫಲಿನದರಲ್ಲಿ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ರೈಫಲಿನವರಿಗೆ ದಶಾಂಶದ ಅಂಕವೇ ಸ್ಪರ್ಧೆಯ ಪ್ರಾಣವಾದುದರಿಂದ ಯಂತ್ರವಿಲ್ಲದೆ ಬಹುದೂರ ಸಾಗಲಾಗದು. ಹೊಸದಾಗಿ ಪಿಸ್ತೂಲು ಹಿಡಿದವರಿಗೆ ಮಾತ್ರ ಕಾಗದವೇ ಮೇಲೆಂದು ನನ್ನ ಅಭಿಪ್ರಾಯ. ಪರದೆಯಿದ್ದರೆ ಕಣ್ಣು ಪ್ರತಿ ಗುಂಡಿನ ತರುವಾಯವೂ ಅಂಕದ ಕಡೆಗೆ ಜಾರಿ, ಕೈ ಇನ್ನೂ ಕೆಳಗಿಳಿಯುವ ಮುನ್ನವೇ ಮನಸ್ಸು ಸಂತೋಷಕ್ಕೋ ವಿಷಾದಕ್ಕೋ ಹೊರಟುಬಿಡುತ್ತದೆ. ಕಾಗದವನ್ನು ಮನೆಗೆ ತಂದು, ರಾತ್ರಿ ಊಟವಾದ ಮೇಲೆ ಬೆಳಕಿಗೆ ಹಿಡಿದು, ರಂಧ್ರಗಳು ಯಾವ ದಿಕ್ಕಿಗೆ ಒಲೆದಿವೆಯೆಂದು ನಿಧಾನವಾಗಿ ನೋಡುವುದರಿಂದ ನಾವಿಬ್ಬರೂ ಕಲಿತುದು ಹೆಚ್ಚು.

ಇನ್ನು ನಮ್ಮ ಸೀಮೆಯ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯದೆ ಯಾವ ಹಜಾರವನ್ನೂ ತೂಗಲಾಗದು. ಗುರಿಯ ಮೇಲೆ ಬೀಳುವ ಬೆಳಕು 1500 ಲಕ್ಸ್‌ಗೆ ಕಡಮೆಯಿರಬಾರದೆಂದು ಅಂತರರಾಷ್ಟ್ರೀಯ ನಿಯಮವುಂಟು. ಆಷಾಢದ ಗಾಳಿಗೆ ಕರೆಂಟು ಹೋಯಿತೆಂದರೆ ಯು.ಪಿ.ಎಸ್. ಇಲ್ಲದ ಕ್ಲಬ್ಬಿನ ವಿದೇಶೀ ಯಂತ್ರವೂ ಕತ್ತಲಲ್ಲಿ ಗೋಡೆಯ ಒಂದು ಭಾಗವಷ್ಟೇ. ತಗಡಿನ ಮಾಡಿನ ಕೆಳಗಾದರೋ ಜಡಿಮಳೆ ಹಿಡಿದರೆ ತರಬೇತುದಾರರ "ಸ್ಟಾಪ್" ಎಂಬ ಆಜ್ಞೆ ಮೂರನೆಯ ಸಾಲಿಗೂ ಕೇಳಿಸದು. ಇದು ಅನನುಕೂಲವಲ್ಲ, ಅಪಾಯ. ಆ ಕ್ಲಬ್ಬಿನವರು ತಿಳಿದವರಾಗಿದ್ದುದರಿಂದ ಕೆಂಪು ದೀಪವೊಂದನ್ನು ಹಾಕಿಸಿದ್ದರು. ಆ ದೀಪ ಹತ್ತಿದೊಡನೆ ಸಾಲಿನಲ್ಲಿದ್ದ ಹುಡುಗರೆಲ್ಲ ಪಿಸ್ತೂಲನ್ನು ಮೇಜಿನ ಮೇಲಿರಿಸಿ, ಒಳಗೆ ಪೆಲ್ಲೆಟ್ಟಿಲ್ಲವೆಂಬುದನ್ನು ತೋರಿಸುವ ಬಣ್ಣದ ಎಳೆಯನ್ನು ನಳಿಗೆಗೆ ಸಿಕ್ಕಿಸಿ ಹಿಂದಕ್ಕೆ ಸರಿದುದನ್ನು ಕಂಡ ಮೇಲೆ, ಅಲ್ಲಿಯ ಕುರ್ಚಿಗಳು ಹರಿದಿದ್ದುವೆಂಬುದನ್ನು ನಾನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಅದೇ ಇನ್ನೊಂದು ಕಡೆ, ಹವಾನಿಯಂತ್ರಿತ ಕೊಠಡಿಯಲ್ಲಿ, ಸದಸ್ಯನೊಬ್ಬನು ಫೋನಿನಲ್ಲಿ ಮಾತನಾಡುತ್ತಲೇ ಪಿಸ್ತೂಲನ್ನು ಪಕ್ಕಕ್ಕೆ ತಿರುಗಿಸಿದಾಗ ಯಾರೂ ತಲೆಯೆತ್ತಲಿಲ್ಲ. ಗೋಡೆಗೆ ತೂಗುಹಾಕಿದ ನಿಯಮಾವಳಿಯ ಫಲಕಕ್ಕಿಂತ ಇಂತಹ ಒಂದು ಕ್ಷಣ ಹೆಚ್ಚು ಹೇಳುತ್ತದೆ. ಕೈ ತೊಳೆಯಲು ನಲ್ಲಿಯಿದೆಯೇ ಎಂಬುದನ್ನೂ ನೋಡಬೇಕು. ಪೆಲ್ಲೆಟ್ಟು ಸೀಸದ್ದು, ಅದೇ ಕೈಯಿಂದ ಮಂಡಕ್ಕಿ ತಿನ್ನುವ ಮಕ್ಕಳನ್ನು ನಾನು ಬಲ್ಲೆ.

ಕ್ಲಬ್ಬೊಂದರ ಪಿಸ್ತೂಲುಗಳ ಸಂಖ್ಯೆಯ ವಿಷಯದಲ್ಲಿ ಮಗಳು ನನಗಿಂತ ಚುರುಕಾಗಿದ್ದಳು. "ಅಪ್ಪಾ, ಐದು ಪಿಸ್ತೂಲು ಅಂದ್ರಲ್ಲ, ಎಡಗೈಗೆ ಎಷ್ಟು ಅಂತ ಕೇಳಿದ್ರಾ?" ಎಂದಳು. ಅವಳು ಎಡಚಿ. ಸ್ಪರ್ಧೆಯ ಪಿಸ್ತೂಲಿನ ಮರದ ಹಿಡಿಯು ಬಲಗೈಗೆಂದೂ ಎಡಗೈಗೆಂದೂ, ಅಂಗೈಯ ಅಳತೆಗೆ ತಕ್ಕಂತೆ ದೊಡ್ಡದು ಚಿಕ್ಕದೆಂದೂ ಬೇರೆಬೇರೆಯಾಗಿ ಕೊರೆದದ್ದು. ಮಾಪು ತಪ್ಪಿದ ಹಿಡಿಯಲ್ಲಿ ಅಭ್ಯಾಸ ಮಾಡುವುದೆಂದರೆ ಇನ್ನೊಬ್ಬರ ಚಪ್ಪಲಿಯಲ್ಲಿ ಓಟ ಕಲಿತಂತೆ. ಐದಕ್ಕೆ ಐದೂ ಬಲಗೈಯವೇ ಆಗಿದ್ದ ಆ ಕ್ಲಬ್ಬಿನ ಸೌಕರ್ಯ ಅವಳ ಪಾಲಿಗೆ ಶೂನ್ಯ. ಹೊಸ ಪಿಸ್ತೂಲಾದರೋ ಮೊರಿನಿಯದಾಗಲಿ ಸ್ಟೈರ್‌ನದಾಗಲಿ ಲಕ್ಷವನ್ನು ದಾಟಿಯೇ ಮಾತನಾಡುವಂತಹದು. ಹಳೆಯದೊಂದನ್ನು ಕೊಳ್ಳಲು ನಿಶ್ಚಯಿಸಿದಾಗ ತರಬೇತುದಾರರು ಮೊದಲು ನೋಡಿದ್ದು ನಳಿಗೆಯನ್ನಲ್ಲ, ಅದರ ಕೆಳಗಿನ ಗಾಳಿಯ ಸಿಲಿಂಡರಿನ ಮೇಲೆ ಕೆತ್ತಿದ ದಿನಾಂಕವನ್ನು. ಇನ್ನೂರು ಬಾರ್ ಒತ್ತಡವನ್ನು ತಡೆಯುವ ಆ ಕೊಳವೆಗೆ ಹತ್ತು ವರ್ಷದ ಆಯುಸ್ಸು. ಮೀರಿದರೆ ಬದಲಿಸಲೇಬೇಕು, ಅದರ ಬೆಲೆಯನ್ನು ಮಾರುವವನು ತಾನಾಗಿ ಹೇಳುವುದಿಲ್ಲ. ಅದನ್ನು ತುಂಬಿಸುವ ದೊಡ್ಡ ಸಿಲಿಂಡರು ಕ್ಲಬ್ಬಿನಲ್ಲಿದೆಯೇ, ತುಂಬಿಸಲು ಪ್ರತ್ಯೇಕ ಹಣವೇ ಎಂಬ ಪ್ರಶ್ನೆಯನ್ನು ಸ್ವಂತ ಪಿಸ್ತೂಲಿರುವವರು ಮರೆಯಬಾರದು.

ಬೆಂಗಳೂರಿನ ಆಕರ್ಷಣೆ ದೊಡ್ಡದು. ಇಪ್ಪತ್ತೈದು, ಐವತ್ತು ಮೀಟರಿನ ಬಯಲು ರೇಂಜು ಬೇಕಾದವರಿಗೆ ಅದೇ ಗತಿ. ರಾಜ್ಯ ರೈಫಲ್ ಸಂಸ್ಥೆಯ ನೆಲೆಯೂ ಅಲ್ಲಿಯೇ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದ ಪ್ರಕಾಶ್ ನಂಜಪ್ಪ, ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಪಡೆದ ದಿವ್ಯಾ ಟಿ.ಎಸ್. ಇಬ್ಬರೂ ಆ ನಗರದವರು. ಆದರೆ ನಸುಕಿನ ಜನಶತಾಬ್ದಿ ರೈಲು ಹತ್ತಿ, ನಗರದ ಸಂಚಾರವನ್ನು ದಾಟಿ, ರಾತ್ರಿ ಮರಳುವ ಪ್ರಯಾಣದ ವೆಚ್ಚವನ್ನು ಆ ದಿನದ ಗುಂಡುಗಳ ಮೇಲೆ ಹಂಚಿದಾಗ ಬಂದ ಅಂಕಿಯನ್ನು ನಾನು ಮನೆಯವರಿಗೆ ತೋರಿಸಲಿಲ್ಲ. ಊರಿನ ಕ್ಲಬ್ಬಿನಿಂದ ನಮಗೆ ಬೇಕಾಗಿದ್ದುದು ಅದು ರಾಜ್ಯ ಸಂಸ್ಥೆಯ ಮೂಲಕ, 1951ರಲ್ಲಿ ಲೋಕಸಭೆಯ ಮೊದಲ ಸಭಾಧ್ಯಕ್ಷ ಜಿ.ವಿ. ಮಾವಳಂಕರರ ಅಧ್ಯಕ್ಷತೆಯಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಶ್ರೇಣಿಗೆ ಸೇರಿದೆಯೇ ಎಂಬ ಉತ್ತರ ಮಾತ್ರ. ಸೇರದ ಕ್ಲಬ್ಬಿನಲ್ಲಿ ಎಷ್ಟು ಹೊಡೆದರೂ ರಾಜ್ಯ ಸ್ಪರ್ಧೆಯ ಪಟ್ಟಿಗೆ ಹೆಸರು ಏರುವ ದಾರಿಯನ್ನು ತಾನೇ ಹುಡುಕಿಕೊಳ್ಳಬೇಕು. ಈ ಸಂಗತಿಯನ್ನು ಬಾಯಿಮಾತಿನಲ್ಲಿ ನಂಬದೆ ಪತ್ರವನ್ನೇ ನೋಡತಕ್ಕದ್ದು.

ಆಜೀವ ಸದಸ್ಯತ್ವದ ಪ್ರಲೋಭನೆಯನ್ನೂ ಹೇಳಬೇಕು. ಹತ್ತು ವರ್ಷದ ಶುಲ್ಕಕ್ಕಿಂತ ಕಡಮೆ ಹಣಕ್ಕೆ ಬದುಕಿನುದ್ದಕ್ಕೂ ಹಜಾರ ನಿಮ್ಮದೆಂದು ಒಬ್ಬರು ಸೊಗಸಾಗಿ ವಿವರಿಸಿದರು. ಕಟ್ಟಡ ಸ್ವಂತದ್ದೋ ಎಂದು ಕೇಳಿದೆ. ಬಾಡಿಗೆಯದು, ಕರಾರು ಹನ್ನೊಂದು ತಿಂಗಳಿನದು.

ಬಲ್ಲವರು ಹೇಳುವಂತೆ ಈ ವಿದ್ಯೆಯ ಬಹುಭಾಗ ಗುಂಡೇ ಇಲ್ಲದೆ ನಡೆಯುವಂತಹದು. ಖಾಲಿ ಪಿಸ್ತೂಲನ್ನು ಬಿಳಿಯ ಗೋಡೆಯ ಕಡೆಗೆ ಹಿಡಿದು, ಉಸಿರನ್ನು ಅರ್ಧಕ್ಕೆ ನಿಲ್ಲಿಸಿ, ಐನೂರು ಗ್ರಾಂ ತೂಕಕ್ಕೆ ಬಿಡುವ ಟ್ರಿಗರನ್ನು ಮುಂದಿನ ಗುರಿಗಣ್ಣು ಅಲುಗದಂತೆ ಒತ್ತುವ ಅಭ್ಯಾಸವನ್ನು ನಾವು ಮನೆಯ ಹಜಾರದಲ್ಲಿಯೇ ನಿತ್ಯವೂ ಮಾಡುತ್ತೇವೆ. ಅದಕ್ಕೆ ಶುಲ್ಕವಿಲ್ಲ, ಕಾಯುವ ಸರದಿಯಿಲ್ಲ. ಹೀಗಾದ ಮೇಲೆ ಕ್ಲಬ್ಬಿಗೆ ನಾವು ಹಣ ತೆರುವುದು ಮನೆಯಲ್ಲಿ ಸಿಗದ ಎರಡಕ್ಕೆ ಮಾತ್ರ: ಅಡಚಣೆಯಿಲ್ಲದ ಹತ್ತು ಮೀಟರ್, ಮತ್ತು ಬೆನ್ನ ಹಿಂದೆ ನಿಂತು ಮಣಿಕಟ್ಟು ಸಡಿಲವಾದುದನ್ನು ಆ ಕ್ಷಣದಲ್ಲಿಯೇ ಕಾಣುವ ಒಂದು ಜೊತೆ ಕಣ್ಣು. ಊರ ಹೊರಗಿನ ತಗಡಿನ ಮಾಡಿನ ಕ್ಲಬ್ಬಿಗೆ ಸೇರಿದ್ದೇವೆ. ಮೂರು ತಿಂಗಳಿಗೊಮ್ಮೆ ಹಣ ಕಟ್ಟುತ್ತೇವೆ, ಮಗಳ ಪರೀಕ್ಷೆಯ ತಿಂಗಳುಗಳನ್ನು ಬಿಟ್ಟು. ರಾಜ್ಯ ಸ್ಪರ್ಧೆ ಹತ್ತಿರವಾದಾಗ ಎಲೆಕ್ಟ್ರಾನಿಕ್ ಗುರಿಯ ರೂಢಿಗೆಂದು ಮೇಲಂತಸ್ತಿನ ಕ್ಲಬ್ಬಿನಲ್ಲಿ ಗಂಟೆಯ ಲೆಕ್ಕದಲ್ಲಿ ಅವಳೊಬ್ಬಳಿಗೆ ಸಾಲು ಹಿಡಿಯುವುದೆಂದು ತೀರ್ಮಾನವಾಗಿದೆ. ನನಗೆ ಕಾಗದವೇ ಸಾಕು.