ಹೊಸೂರಿನ ಮಹಡಿಯಿಂದ ರೇಡಿಯೊ ಸರ್ವೆ

ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಕೊನೆಯ ವರ್ಷಕ್ಕೆ ಬಂದರೆ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ಸು ಹತ್ತುತ್ತಾರೆ. ರೆಡಿಮೇಡ್ ಕಿಟ್ ತಂದು, ದೀಪ ಮಿನುಗಿಸಿ, ಅಂಕ ಪಡೆದು ಮುಗಿಸುವವರೂ ಉಂಟು. ಅದೇ ರಸ್ತೆಯಲ್ಲೋ ಆನ್‌ಲೈನಿನಲ್ಲೋ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಕೊಂಡರೆ ನಿಜವಾದ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕಬಹುದು: ಬೆಂಗಳೂರಿನ ಎಫ್‌ಎಂ ಎಲ್ಲಿಯವರೆಗೆ ಬರುತ್ತದೆ, ಧರ್ಮಪುರಿಯದು ಎಲ್ಲಿಂದ ಜೋರಾಗುತ್ತದೆ?

ಈ ಡಾಂಗಲ್ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಟಿ.ವಿ. ನೋಡಲು. ಅದರ ಆರ್‌ಟಿಎಲ್2832ಯು ಚಿಪ್ಪು ಅಲೆಯ ಕಚ್ಚಾ ಮಾದರಿಗಳನ್ನೇ ಯುಎಸ್‌ಬಿ ಮೂಲಕ ಕೊಡಬಲ್ಲದು ಎಂಬುದು 2012ರಲ್ಲಿ ಹವ್ಯಾಸಿಗಳಿಗೆಲ್ಲ ಗೊತ್ತಾಯಿತು. ಆರ್820ಟಿ2 ಟ್ಯೂನರ್ ಇರುವುದನ್ನೇ ಕೇಳಿ ಕೊಳ್ಳಿ. ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ಜೊತೆಗೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು ಇರಲಿ. ಲ್ಯಾಪ್‌ಟಾಪಿನ ಗದ್ದಲದಿಂದ ಡಾಂಗಲ್ಲನ್ನು ದೂರ ಇಡಲು ಅದು ಬೇಕೇ ಬೇಕು.

ಆಂಟೆನಾವನ್ನು ಕೈಯಾರೆ ಮಾಡಿ. 7,125ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಂದು ತೋಳಿನ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ. ನಮ್ಮ ಕೆಲಸಕ್ಕೆ ಸುಮಾರು 69 ಸೆಂ.ಮೀ. ಎರಡು ತಾಮ್ರದ ತಂತಿಗಳನ್ನು ಪಿವಿಸಿ ಪೈಪಿಗೆ ಕಟ್ಟಿ, ಕೇಬಲ್ಲಿನ ನಡುತಂತಿಯನ್ನು ಒಂದಕ್ಕೂ ಹೊರಜಾಲರಿಯನ್ನು ಇನ್ನೊಂದಕ್ಕೂ ಬೆಸುಗೆ ಹಾಕಿ. ಪೈಪನ್ನು ನೆಟ್ಟಗೆ ನಿಲ್ಲಿಸಿದರೆ ವಾಯವ್ಯದ ಬೆಂಗಳೂರಿಗೂ ದಕ್ಷಿಣದ ಧರ್ಮಪುರಿಗೂ ಅದು ಸಮವಾಗಿ ಕಿವಿಗೊಡುತ್ತದೆ.

ವಿಂಡೋಸ್‌ನಲ್ಲಿ ಝಾಡಿಗ್ ಎಂಬ ಸಣ್ಣ ತಂತ್ರಾಂಶದಿಂದ ಡ್ರೈವರ್ ಹಾಕಬೇಕು. ಪಟ್ಟಿಯಲ್ಲಿ 'ಬಲ್ಕ್-ಇನ್, ಇಂಟರ್‌ಫೇಸ್ 0' ಎಂದಿರುವುದನ್ನೇ ಆರಿಸಿ. ಆತುರದಲ್ಲಿ ಮೌಸ್ ಅಥವಾ ಕೀಬೋರ್ಡನ್ನು ಆರಿಸಿದರೆ ಅದೇ ನಿಂತುಹೋಗುತ್ತದೆ. ಲಿನಕ್ಸ್‌ನವರು ತಾನಾಗಿ ಬರುವ ಟಿ.ವಿ. ಡ್ರೈವರನ್ನು ತಡೆದು ಜಿಕ್ಯೂಆರ್‌ಎಕ್ಸ್ ಹಾಕಿಕೊಳ್ಳಿ. ಎಸ್‌ಡಿಆರ್ ಪ್ಲಸ್ ಪ್ಲಸ್ ಎರಡರಲ್ಲೂ ಓಡುತ್ತದೆ. 102.7ಕ್ಕೆ ಟ್ಯೂನ್ ಮಾಡಿ ನೋಡಿ. ಎಡಕ್ಕೆ 102.5ರ ಧರ್ಮಪುರಿ ಆಕಾಶವಾಣಿ, ಬಲಕ್ಕೆ 102.9ರ ಬೆಂಗಳೂರು ವಿವಿಧ ಭಾರತಿ; ಎರಡೂ ಬರುವ ಜಾಗವಾದರೆ ಎರಡು ದಿಬ್ಬಗಳು ಒಂದೇ ಪರದೆಯಲ್ಲಿ ಕಾಣುತ್ತವೆ.

ಇಷ್ಟಾದರೆ ನಿಮ್ಮ ಕೈಯಲ್ಲಿರುವುದು ರೇಡಿಯೊ. ಅದನ್ನು ಸ್ಕ್ಯಾನರ್ ಮಾಡುವುದು ನೀವು ಬರೆಯುವ ಪ್ರೋಗ್ರಾಂ. ಡಾಂಗಲ್ ಒಂದು ಸಲಕ್ಕೆ 2.4 ಮೆಗಾಹರ್ಟ್ಸ್ ಅಗಲವನ್ನಷ್ಟೇ ನೋಡುತ್ತದೆ. ಅಂಚುಗಳಲ್ಲಿ ಅಳತೆ ಕುಸಿಯುವುದರಿಂದ ನಡುವಿನ 2 ಮೆಗಾಹರ್ಟ್ಸ್ ಮಾತ್ರ ಇಟ್ಟುಕೊಳ್ಳಿ. 88ರಿಂದ 108ರವರೆಗೆ ಹತ್ತು ಹೆಜ್ಜೆಯಾಯಿತು. ಪ್ರತಿ ಹೆಜ್ಜೆಯಲ್ಲೂ ಪೈಥಾನ್ ಪ್ರೋಗ್ರಾಂ ಟ್ಯೂನ್ ಮಾಡಬೇಕು, ಮೊದಲ ಮಾದರಿಗಳನ್ನು ಎಸೆಯಬೇಕು (ಟ್ಯೂನರ್ ನೆಲೆಗೊಳ್ಳುವ ಮೊದಲಿನವು ಅವು), ಉಳಿದವಕ್ಕೆ 1,024 ಬಿಂದುಗಳ ಎಫ್‌ಎಫ್‌ಟಿ ಮಾಡಿ ಹಲವು ಸಲದ ಸರಾಸರಿ ತೆಗೆಯಬೇಕು. ಆಗ ಒಂದೊಂದು ಬಿಂದುವೂ ಸುಮಾರು 2.3 ಕಿಲೋಹರ್ಟ್ಸ್. ಇಡೀ ಪಟ್ಟಿಯ ಮಧ್ಯಾಂಕವನ್ನು ಗದ್ದಲದ ಮಟ್ಟವೆಂದು ಹಿಡಿದು, ಅದಕ್ಕಿಂತ 10 ಡೆಸಿಬೆಲ್ ಮೇಲಿರುವುದನ್ನು ಸಮಯದೊಂದಿಗೆ ಸಿಎಸ್‌ವಿ ಫೈಲಿಗೆ ಬರೆಸಿ.

ಹೆಚ್ಚಿನ ಪ್ರಾಜೆಕ್ಟುಗಳು ಎಡವುವುದು ಗೇನ್‌ನಲ್ಲಿ. ಅದನ್ನು ಆಟೋಮ್ಯಾಟಿಕ್‌ಗೆ ಬಿಟ್ಟರೆ ಎರಡು ಊರುಗಳ ಅಳತೆಯನ್ನು ಹೋಲಿಸಲಾಗದು. ಕೈಯಿಂದ ಒಂದು ಮಟ್ಟಕ್ಕೆ ಇಟ್ಟು, ಸರ್ವೆ ಮುಗಿಯುವವರೆಗೆ ಮುಟ್ಟಬೇಡಿ. ಗೇನ್ ಅತಿಯಾದರೆ ಇಲ್ಲದ ನಿಲಯಗಳೂ ಪರದೆಯಲ್ಲಿ ಮೂಡುತ್ತವೆ. ಪತ್ತೆ ಹಚ್ಚುವುದು ಸುಲಭ: ಗೇನ್ 10 ಡೆಸಿಬೆಲ್ ಇಳಿಸಿ. ನಿಜವಾದ ನಿಲಯ ಅಷ್ಟೇ ಇಳಿಯುತ್ತದೆ, ಹುಸಿಯದು ಅದಕ್ಕಿಂತ ಬಹಳ ಕುಸಿಯುತ್ತದೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬುಗಳನ್ನು ಒಂದೊಂದಾಗಿ ಆರಿಸಿಯೂ ನೋಡಿ. ಗದ್ದಲದ ಅರ್ಧ ಪಾಲು ಮನೆಯೊಳಗಿನದೇ ಇದ್ದೀತು.

ಇನ್ನು ಊರೂರು ಅಳೆಯಿರಿ. ಹೊಸೂರು ಬಸ್ ನಿಲ್ದಾಣ, ಚಂದ್ರಚೂಡೇಶ್ವರನ ಬೆಟ್ಟ, ಶೂಲಗಿರಿ, ಕೃಷ್ಣಗಿರಿ. ದೆಂಕಣಿಕೋಟೆ, ತಳಿ ಕಡೆಯ ಸಹಪಾಠಿಗಳಿದ್ದರೆ ಅವರ ಮಹಡಿಯೂ ಸೇರಲಿ. ಹೊಸೂರು ಪ್ರಸ್ಥಭೂಮಿಯ ಮೇಲಿದೆ, ಕೃಷ್ಣಗಿರಿ ಇಳಿಜಾರಿನ ಕೆಳಗೆ. ಎಫ್‌ಎಂ ಅಲೆ ಬಹುಮಟ್ಟಿಗೆ ನೇರ ದೃಷ್ಟಿಯ ಹಾದಿ ಹಿಡಿಯುವುದರಿಂದ ದೂರಕ್ಕಿಂತ ನೆಲದ ಏರಿಳಿತವೇ ಹೆಚ್ಚು ಆಟವಾಡುತ್ತದೆಯೇ ಎಂದು ನಿಮ್ಮ ನಕಾಶೆಯೇ ಹೇಳಲಿ.

ಹಸಿವು ಹೆಚ್ಚಿದವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.8 ಮೆಗಾಹರ್ಟ್ಸ್ ಪ್ರಯತ್ನಿಸಬಹುದು. ಹಳೆಯ ಪಾಠಗಳೆಲ್ಲ ಹೇಳುವ ನೋವಾ 15, 18, 19 ಹವಾಮಾನ ಉಪಗ್ರಹಗಳು 2025ರಲ್ಲಿ ಸೇವೆ ನಿಲ್ಲಿಸಿವೆ. ಅವನ್ನು ಹುಡುಕುತ್ತ ರಾತ್ರಿ ಕೆಡಿಸಿಕೊಳ್ಳಬೇಡಿ.

ಬೆಳಗೊಂಡಪಳ್ಳಿಯಲ್ಲಿ ವಿಮಾನ ಪಟ್ಟಿ ಇದೆಯೆಂದು 118ರಿಂದ 137ಕ್ಕೆ ಕಿವಿಯಿಡುವ ಆಸೆಯಾಗಬಹುದು. ಬೇಡ. ಪೊಲೀಸರ ವೈರ್‌ಲೆಸ್ಸೂ ಬೇಡ. ಅನಧಿಕೃತವಾಗಿ ಸಂದೇಶ ಕದ್ದಾಲಿಸುವುದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ. ವಿಭಾಗದ ಮುಖ್ಯಸ್ಥರಿಂದ ಪ್ರಾಜೆಕ್ಟಿಗೆ ಒಂದು ಪತ್ರ ಪಡೆದು ಆಂಟೆನಾ ಜೊತೆಗೇ ಒಯ್ಯಿರಿ. ಕೇಳುವುದಷ್ಟೇ ಸಾಲದು, ಮಾತಾಡಲೂ ಬೇಕು ಎನ್ನುವವರಿಗೆ ಹ್ಯಾಮ್ ಲೈಸೆನ್ಸ್ ಪರೀಕ್ಷೆ ಇದೆ. 12 ವರ್ಷ ತುಂಬಿದವರು ಬರೆಯಬಹುದು.