ದಾಸೋಹದ ಪಂಕ್ತಿಯಲ್ಲಿ ನೀಡುವ ಕೈ

ಕಾಯಕ ಮತ್ತು ದಾಸೋಹಗಳು ಶಿವಶರಣರ ಧರ್ಮರಥಕ್ಕೆ ಎರಡು ಗಾಲಿಗಳೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಕಣ್ಣು, ಕಿವಿ, ಕೈಕಾಲು ಅಥವಾ ಬುದ್ಧಿಯಲ್ಲಿ ಊನವುಳ್ಳ ಮಕ್ಕಳು ಪ್ರಾಯಕ್ಕೆ ಬಂದಾಗ ಆ ರಥದಲ್ಲಿ ಅವರಿಗೆ ಯಾವ ಸ್ಥಾನವನ್ನು ಕೊಡುತ್ತೇವೆ? ಉಣ್ಣಲಿ ಎನ್ನುತ್ತೇವೆ; ದುಡಿಯಲಿ, ನೀಡಲಿ ಎನ್ನುವುದಿಲ್ಲ. ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ.

ಕೆಲವು ವರ್ಷಗಳ ಹಿಂದೆ ಭೂತನಾಳದ ಕಡೆಯ ರೈತನೊಬ್ಬನು ತನ್ನ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದನು. ಹುಡುಗನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಹತ್ತನೆಯ ತರಗತಿ ಮುಗಿದಿತ್ತು. “ಮುಂದೇನ್ರಿ, ಗುರುಗಳ?” ಎಂದು ತಂದೆ ಕೇಳಿದನು. ಸಮಾಧಾನದ ಮಾತೆಂದು ಭಾವಿಸಿ ನಾನು, “ಚಿಂತಿ ಮಾಡಬ್ಯಾಡ, ಮಠದ ಪ್ರಸಾದಕ್ಕ ಎಂದೂ ಕೊರತಿ ಇಲ್ಲ” ಎಂದೆನು. ಆಗ ಹುಡುಗನು ಮೆಲ್ಲಗೆ, “ಪಂಕ್ತ್ಯಾಗ ಕುಂತು ಉಣ್ಣೂದು ನನಗ ಗೊತ್ತೈತ್ರಿ, ನಾ ನೀಡೂದು ಯಾವಾಗರಿ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಟ್ಟಲೆ ವಚನಪಾಠ ಹೇಳಿದ ನಾನು ಅಂದು ಆ ಬಾಲಕನ ಮುಂದೆ ವಿದ್ಯಾರ್ಥಿಯಾದೆನು.

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನವರ ಪ್ರಸಂಗವನ್ನು ಸ್ಮರಿಸಿರಿ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸುತ್ತಿದ್ದ ಆ ಶರಣರ ಇಷ್ಟಲಿಂಗವು ಒಮ್ಮೆ ಕಳಚಿ ಬಿದ್ದಿತು. ಅವರು ಹಿಂತಿರುಗಿ ನೋಡದೆ ಕಾಯಕಕ್ಕೆ ನಡೆದರು. ಮಡಿವಾಳ ಮಾಚಯ್ಯನವರು ನಡುವೆ ಬಂದು ಬುದ್ಧಿ ಹೇಳಿದಾಗ, ಲಿಂಗವೂ ಕಾಯಕ ಮಾಡಬೇಕೆಂಬ ನಿಲುವಿನಲ್ಲಿ ವಿವಾದ ಮುಗಿಯಿತು. ಇದರ ತಾತ್ಪರ್ಯವೇನು? ಕಾಯಕದಿಂದ ಲಿಂಗಕ್ಕೇ ವಿನಾಯಿತಿ ಇಲ್ಲದಿರುವಾಗ, ವಿಕಲಚೇತನ ತರುಣನಿಗೆ ನಾವು ಕೊಡುವ ವಿನಾಯಿತಿಯು ಕರುಣೆಯಂತೆ ಕಂಡರೂ ಒಂದು ಬಗೆಯ ಬಹಿಷ್ಕಾರವೇ ಸರಿ.

ಹಾಗೆಂದು ಎಲ್ಲರಿಂದಲೂ ಸಮನಾದ ದುಡಿಮೆಯನ್ನು ಬೇಡುವುದು ನ್ಯಾಯವಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಕಳುಹಿಸಿದರು. ಶರಣರ ಕಣ್ಣಿನಲ್ಲಿ ಕಾಯಕದ ಬೆಲೆಯು ರಾಶಿಯಿಂದಲ್ಲ, ಮನಶ್ಶುದ್ಧಿಯಿಂದ. ಆದುದರಿಂದ ಶಕ್ತಿಗೆ ತಕ್ಕ ಕಾಯಕವೇ ಪೂರ್ಣ ಕಾಯಕ.

ಇದನ್ನು ನಮ್ಮ ನಾಡಿನಲ್ಲಿ ಮಾಡಿ ತೋರಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಅಂಧ ಬಾಲಕನ ಕಂಠವನ್ನು ಗುರುತಿಸಿ, ಪೂಜ್ಯರು ಅವನಿಗೆ ಅನ್ನದೊಡನೆ ವಿದ್ಯೆಯನ್ನೂ ಕೊಡಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ಸಾಧಿಸಿದ ಅವರು ಶಿಷ್ಯರೊಡನೆ ಊರೂರು ಸಂಚರಿಸಿ ಪಾಠ ಹೇಳಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅವರ ತಪಸ್ಸಿನ ಫಲ. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಆಶ್ರಮದ ಭಾರವನ್ನು ಹೊತ್ತವರೂ ದೃಷ್ಟಿಹೀನರೇ: 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು. ಕಣ್ಣಿದ್ದ ಬಸವರಾಜ ರಾಜಗುರು ಅವರಂಥವರು ಕಣ್ಣಿಲ್ಲದ ಗುರುವಿನ ಬಳಿ ಕುಳಿತು ಕಲಿತರು. ಪಡೆದವನು ಕೊಡುವವನಾದುದೇ ಇಲ್ಲಿಯ ರಹಸ್ಯ.

ದೃಷ್ಟಿಯಿಲ್ಲದವರೆಲ್ಲರೂ ಗಾಯಕರಾಗಬೇಕೆಂದಲ್ಲ. ಗದುಗಿನಿಂದ ಕಲಿಯಬೇಕಾದುದು ಮೂರು ಕ್ರಮಗಳನ್ನು. ಮೊದಲನೆಯದು, ಮಗುವಿನ ಒಲವನ್ನು ಎಳವೆಯಲ್ಲೇ ಗುರುತಿಸುವುದು. ಎರಡನೆಯದು, ಲೋಕವು ಒಪ್ಪುವ ಮಟ್ಟಕ್ಕೆ ವಿದ್ಯೆಯನ್ನು ಕಲಿಸುವುದು. “ಪಾಪ, ಇವನಿಗೆ ಇಷ್ಟು ಸಾಕು” ಎನ್ನದಿರುವುದು. ಮೂರನೆಯದು, ಹೊಣೆಯನ್ನು ವಹಿಸುವುದು. ಹದಿನಾಲ್ಕು ವರ್ಷದವನಾದೊಡನೆ ಅಂಗಡಿಗೆ ಹೋಗಿ ಹಣ ಎಣಿಸುವುದು, ಒಬ್ಬನೇ ಬಸ್ಸು ಹತ್ತುವುದು, ತನ್ನ ಬಟ್ಟೆಯನ್ನು ತಾನೇ ಒಗೆಯುವುದು ಇವು ಅವನ ಪಾಠಗಳಾಗಲಿ.

ರಾಜ್ಯಾಂಗದ ನೆರವನ್ನೂ ತಂದೆತಾಯಿಗಳು ಅರಿತಿರಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇಕಡಾ 40ಕ್ಕೆ ಕಡಮೆಯಿಲ್ಲದ ನ್ಯೂನತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರ್ಕಾರಿ ಉನ್ನತ ವಿದ್ಯಾಲಯಗಳಲ್ಲಿ ಶೇಕಡಾ 5 ಹಾಗೂ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಾತಿ ಅದರಲ್ಲಿವೆ. ಬುದ್ಧಿನ್ಯೂನತೆ, ಆಟಿಸಂ ಮೊದಲಾದವುಗಳುಳ್ಳವರು 18 ತುಂಬಿದ ಮೇಲೂ ಪಾಲಕರ ಆಸರೆ ಬೇಕಾದವರಾದರೆ, 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಜಿಲ್ಲೆಯ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸುತ್ತದೆ. “ನಮ್ಮ ನಂತರ ಯಾರು?” ಎಂದು ರಾತ್ರಿ ನಿದ್ದೆಗೆಡುವ ತಾಯಂದಿರು ಈ ವಿಷಯವನ್ನು ತಾವು ಗಟ್ಟಿಯಿರುವಾಗಲೇ ವಿಚಾರಿಸುವುದು ಲೇಸು.

ಏನೊಂದನ್ನೂ ಮಾಡಲಾರದ ಜೀವಿಗಳೂ ಉಂಟು. ಅವರ ಸೇವೆಯೇ ನಮ್ಮ ಕಾಯಕ. ಆದರೆ ಮಾಡಬಲ್ಲವನನ್ನು ಆ ಸಾಲಿನಲ್ಲಿ ಕೂರಿಸುವುದು ಅಪಚಾರ.

ಆ ಹುಡುಗನ ಮಾತಿಗೆ ಬರುತ್ತೇನೆ. ಮರುವರ್ಷದ ಜಾತ್ರೆಯ ದಾಸೋಹದಲ್ಲಿ ಅವನ ಕೈಗೆ ರೊಟ್ಟಿಯ ಬುಟ್ಟಿಯನ್ನು ಕೊಟ್ಟೆವು. ತಮ್ಮನು ಹೆಗಲು ಮುಟ್ಟಿ ದಾರಿ ತೋರಿದನು. ಕುಳಿತವರು ಕೈ ಚಾಚಿದರು. ಒಂದು ರೊಟ್ಟಿಯೂ ನೆಲಕ್ಕೆ ಬೀಳಲಿಲ್ಲ. ಅವನೀಗ ಅಕ್ಷರಗಳನ್ನು ಓದಿ ಹೇಳುವ ಗಣಕಯಂತ್ರದಲ್ಲಿ ಕೆಲಸ ಕಲಿಯುತ್ತಿದ್ದಾನೆ. ಉದ್ಯೋಗ ಇನ್ನೂ ದೊರೆತಿಲ್ಲ. ಅದನ್ನು ದೊರಕಿಸುವ ಭಾರ ಅವನೊಬ್ಬನದಲ್ಲ, ಅವನ ಕೈಯ ರೊಟ್ಟಿಯನ್ನುಂಡ ನಮ್ಮೆಲ್ಲರದು.